ಬಲಗೈ ಮೇಲೆ ಬಿದ್ದ ಮೇಣ

"ಬಲಗೈ ತೊಡಿ ಮ್ಯಾಲ ಇಟ್ಟುಕೊಂಡು ಕೂಡ್ರಿ," ಕಸ್ತೂರಿಬಾಯಿ ಗಂಡನಿಗೆ ಮೂರನೇ ಸಲ ಹೇಳಿದಳು. "ಕಾದ ಮೇಣ ಇದು. ಆ ಕೈಗೆ ಗೊತ್ತಾಗಂಗಿಲ್ಲ."

ಅಂಗಳದಲ್ಲಿ ಕುಳಿತಿದ್ದ ದಿಗಂಬರ ಕೈಯನ್ನು ತೊಡೆಯ ಮೇಲಿಟ್ಟ. ಹುಮನಾಬಾದಿನಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತನಾದವನಿಗೆ ಲಕ್ವಾ ಹೊಡೆದು ಐದು ತಿಂಗಳು ಮೂರು ವಾರವಾಗಿತ್ತು. ಬಲಗೈ ಬೆರಳುಗಳು ಮಡಚುತ್ತಿದ್ದವು, ಆದರೆ ಏನನ್ನು ಹಿಡಿದಿವೆ ಎಂಬುದು ಅವಕ್ಕೆ ತಿಳಿಯುತ್ತಿರಲಿಲ್ಲ. ಹೋದ ವಾರ ಒಲೆಯಿಂದ ಇಳಿಸಿದ ಹಂಚಿಗೆ ತಗುಲಿ ಕಿರುಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಅದನ್ನು ಮೊದಲು ಕಂಡವಳು ಹೆಂಡತಿ, ಅದೂ ಸಂಜೆಗೆ. ಆರು ತಿಂಗಳೊಳಗೆ ಸ್ಪರ್ಶ ಮರಳದಿದ್ದರೆ ಮುಂದೆ ಕಷ್ಟ ಎಂದು ಬಸವಕಲ್ಯಾಣದ ಡಾಕ್ಟರ್ ಹೇಳಿದ್ದರು. ಬರುವ ಮಂಗಳವಾರ ಮತ್ತೆ ಸೂಜಿ ಚುಚ್ಚಿ ನೋಡುವವರಿದ್ದರು.

ಮೇಣಬತ್ತಿ ಮಾಡುವ ವಿಚಾರ ಅವನದೇ. ಕರೆಂಟ್ ಹೋಗುತ್ತಿದ್ದ ವರ್ಷಗಳಲ್ಲಿ ಉರಿದು ಉಳಿದ ಮೇಣಬತ್ತಿ ತುಂಡುಗಳು ಒಂದು ಬಿಸ್ಕೀಟಿನ ಡಬ್ಬಿ ತುಂಬ ಇದ್ದವು. ಕಸ್ತೂರಿಬಾಯಿ ಅವನ್ನು ಹಳೆಯ ಪಾತ್ರೆಗೆ ಹಾಕಿ, ಪಾತ್ರೆಯನ್ನು ಕುದಿಯುವ ನೀರಿನಲ್ಲಿಟ್ಟು ಕರಗಿಸಿದ್ದಳು. ಅಚ್ಚಿಗೆ ವೈರಿಂಗ್ ಪೈಪಿನ ಗೇಣುದ್ದದ ತುಂಡುಗಳು. ಒಳಗೆ ಕೊಬ್ಬರಿಎಣ್ಣೆ ಸವರಿ, ನಡುವೆ ಹೊಸೆದ ನೂಲು ಇಳಿಬಿಟ್ಟು, ಕೆಳಬಾಯಿಗೆ ಕಲಸಿದ ಗೋಧಿಹಿಟ್ಟು ಮೆತ್ತಿದ್ದರು. ಅವನು ಎಡಗೈಯಿಂದ ಪೈಪು ಹಿಡಿದಿದ್ದ, ಅವಳು ಮೇಣ ಹೊಯ್ಯುತ್ತಿದ್ದಳು.

"ಕರೆಂಟ್ ಸಾಹೇಬರು ಮೇಣಬತ್ತಿ ಮಾಡಾಕತ್ತಾರಲ್ಲ," ಪಕ್ಕದ ಮನೆಯ ಮುಜಾಫರ್ ಗೋಡೆಯ ಮೇಲಿಂದ ಇಣುಕಿದ. "ಮೂವತ್ತು ವರ್ಷ ನಮ್ಮ ಲೈಟ್ ತೆಗದ್ರಿ. ಈಗ ಅದರ ಬದಲಿಗೆ ಹರ್ಜಾನಾ ಕೊಡ್ತೀರೇನು?"

ದಿಗಂಬರ ಅತ್ತ ತಿರುಗಿದ. "ಬಿಲ್ ಕಟ್ಟಿದವರಿಗೆ ಅಷ್ಟ ಕೊಡ್ತೀನಿ. ನಿನಗಿಲ್ಲ."

ಕಸ್ತೂರಿಬಾಯಿ ನಕ್ಕಳು. ಅಷ್ಟರಲ್ಲಿ ಎಡಗೈ ಸಡಿಲಾಗಿ ಪೈಪು ವಾಲಿತು. ಹಳೆಯ ರೂಢಿಯಂತೆ ಬಲಗೈ ತಾನಾಗಿ ಎದ್ದು ಅದನ್ನು ಹಿಡಿಯಿತು. ಮೇಣ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಮೇಲೂ ಹರಿಯಿತು.

"ಸ್ಸ್," ಎಂದು ದಿಗಂಬರ ಕೈ ಹಿಂದಕ್ಕೆಳೆದ. ಅವನ ಮುಖ ಇನ್ನೂ ಗೋಡೆಯ ಕಡೆಗೇ ಇತ್ತು.

ಕಸ್ತೂರಿಬಾಯಿ ಪಾತ್ರೆ ಕೆಳಗಿಟ್ಟಳು. "ನೋಡಿ ಎಳಕೊಂಡ್ರ್ಯೋ, ತಿಳದು ಎಳಕೊಂಡ್ರ್ಯೋ?"

"ಎಲ್ಲಿ ನೋಡೀನಿ. ಉರೀತು."

"ಎಲ್ಲಿ ಉರೀತು?"

"ಹೆಬ್ಬೆರಳಿಗೆ." ಬೆರಳುಗಳನ್ನು ಮಡಚಿ ಬಿಚ್ಚಿ ಹೇಳಿದ, "ತೋರಬೆರಳಿಗೂ. ಉಳಿದವಕ್ಕ ಇನ್ನಾ ಇಲ್ಲ."

ಅವಳು ಅವನ ಮುಖವನ್ನೇ ನೋಡುತ್ತ ಕುಳಿತಳು.

"ಭಾಭಿ, ಸುಟ್ಟದ. ಮೊದಲ ನೀರು ಹಾಕ್ರಿ," ಎಂದ ಮುಜಾಫರ್.

ಅವಳು ತಂಬಿಗೆ ತಂದು ಬೆರಳುಗಳ ಮೇಲೆ ಸಣ್ಣಗೆ ನೀರು ಬಿಟ್ಟಳು. ದಿಗಂಬರ ಕಣ್ಣು ಮುಚ್ಚಿಕೊಂಡಿದ್ದ.

"ತಣ್ಣಗದ," ಎಂದ.

ನೀರು ಮುಗಿಯಿತು. "ಇನ್ನೊಂದು ತಂಬಿಗಿ ತರ್ಲೇನ್ರಿ?"

"ತಾ."

ಅವಳು ಒಳಗೆ ಹೋದಳು. ಅಂಗಳದ ಹಾಸುಬಂಡೆಯ ಮೇಲೆ ಚೆಲ್ಲಿದ ಮೇಣ ಅಂಚಿನಿಂದ ಬೆಳ್ಳಗಾಗುತ್ತ ಬರುತ್ತಿತ್ತು. ದಿಗಂಬರ ಒದ್ದೆ ಕೈಯನ್ನು ಒರೆಸಿಕೊಳ್ಳದೆ, ಗಾಳಿಗೆ ಹಿಡಿದು ಕುಳಿತ.