ಎರಡು ಭಾನುವಾರದ ಕೆಲಸ

ಸೆಲ್ಸೊನ ಗಾಲಿಕುರ್ಚಿ ಮನೆಯ ಹೊರಗಿದೆ. ಸೆಲ್ಸೊ ಒಳಗಿದ್ದಾನೆ. ಅವರ ಟ್ರೇಲರ್ ಮನೆಯ ಬಾಗಿಲಿಗಿಂತ ಕುರ್ಚಿ ನಾಲ್ಕು ಬೆರಳು ಅಗಲ. ಕುರ್ಚಿ ಕೊಟ್ಟ ವಿಮೆ ಕಂಪನಿಯವರು ಬಾಗಿಲಿನ ವಿಷಯ ಇನ್ನೂ ಪರಿಶೀಲನೆಯಲ್ಲಿದೆ ಅನ್ನುತ್ತಾರೆ. ಹೀಗಾಗಿ ಏಳು ತಿಂಗಳಿಂದ ಕುರ್ಚಿ ಬಿಸಿಲು ಕಾಯಿಸಿಕೊಳ್ಳುತ್ತಿದೆ, ಮನುಷ್ಯ ಮಲಗಿದ್ದಾನೆ. ಎರಡು ಗಂಟೆಗೊಮ್ಮೆ ಹೆಂಡತಿ ಯುಫ್ರೊಸಿನಾ ಅವನನ್ನು ಮಗ್ಗುಲು ಹೊರಳಿಸಬೇಕು. ಇಲ್ಲದಿದ್ದರೆ ಮೈ ಹುಣ್ಣಾಗುತ್ತದೆ. ಸೊಂಟದ ಕೆಳಗೆ ಹುಣ್ಣಾದರೆ ಅವನಿಗೆ ಗೊತ್ತಾಗುವುದಿಲ್ಲ. ವಾಸನೆಯಿಂದ ಅವಳಿಗೆ ಗೊತ್ತಾಗುತ್ತದೆ. ಇದಕ್ಕಾಗಿಯೇ ಅವಳು ದ್ರಾಕ್ಷಿ ತೋಟದ ಕೆಲಸ ಬಿಟ್ಟಳು.

ಅವನು ಬಿದ್ದದ್ದು ಒಣದ್ರಾಕ್ಷಿಯ ಶೆಡ್ಡಿನಲ್ಲಿ, ಅಟ್ಟದ ಮರದ ಮೆಟ್ಟಿಲಿನಿಂದ. ಅಟ್ಟದ ಮೇಲಿಂದ ಹಣ್ಣು ಸುರಿದರೆ ಕೆಳಗಿನ ಯಂತ್ರ ತೊಟ್ಟು ಬಿಡಿಸುತ್ತದೆ. ಸೆಲ್ಸೊ ಮೇಲಿನ ಮೆಟ್ಟಿಲಲ್ಲಿದ್ದಾಗ ಇಡೀ ಮೆಟ್ಟಿಲ ಸಾಲು ಗೋಡೆ ಬಿಟ್ಟು ಕಳಚಿತು. ಕೆಳಗೆ ಸಿಮೆಂಟು ನೆಲ. ನಾವು ಓಡಿಹೋದಾಗ ಅವನ ಕಣ್ಣು ತೆರೆದೇ ಇತ್ತು. ನನ್ನ ಬೂಟು ಯಾರು ಬಿಚ್ಚಿದ್ದು ಅಂತ ಕೇಳಿದ. ಬೂಟು ಕಾಲಲ್ಲೇ ಇತ್ತು.

ಮಡೇರಾದ ಆ ಶೆಡ್ಡಿನಲ್ಲಿ ನಾವು ಹನ್ನೆರಡು ಜನ ಒಂದೇ ಊರಿನವರು, ದಕ್ಷಿಣದ ಗಡಿಯಾಚೆ ಓಹಾಕಾ ಬೆಟ್ಟದ ಕಡೆಯವರು. ಕಂಪನಿ ಡೇಲ್ ಬ್ರಾಕೆಟ್ ಅವರದು. ಶೆಡ್ಡು ಅವರ ಹೆಂಡತಿ ಲೊರೇನ್ ಅವರದು. ಇದು ನಮಗೆ ಗೊತ್ತಾದದ್ದು ಸೆಲ್ಸೊ ಬಿದ್ದ ಮೇಲೆ. ಅಲ್ಲಿಯವರೆಗೆ ಆ ತಾಯಿಯನ್ನು ನಾವು ನೋಡಿದ್ದು ಕ್ರಿಸ್‌ಮಸ್ಸಿನಲ್ಲಿ ಮಾತ್ರ, ತಲೆಗೊಂದು ಟರ್ಕಿ ಕೋಳಿ ಹಂಚುವಾಗ.

ವಕೀಲೆ ಮರಿಸೋಲ್ ನಮ್ಮನ್ನೆಲ್ಲ ಕೂರಿಸಿಕೊಂಡು ಕಾನೂನು ಬಿಡಿಸಿ ಹೇಳಿದಳು. ಕೆಲಸದಲ್ಲಿ ಪೆಟ್ಟಾದರೆ ವಿಮೆ ಔಷಧಿ ಕೊಡುತ್ತದೆ, ಕೂಲಿಯಲ್ಲಿ ಒಂದು ಪಾಲು ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಧಣಿಯ ಮೇಲೆ ದಾವೆ ಹೂಡುವ ಹಕ್ಕನ್ನು ಕೂಲಿಕಾರ ಬಿಟ್ಟುಕೊಟ್ಟ ಹಾಗೆ. ಯಾವಾಗ ಬಿಟ್ಟುಕೊಟ್ಟೆವು ಅಂತ ಒಬ್ಬ ಕೇಳಿದ. ಕೆಲಸಕ್ಕೆ ಸೇರಿದ ದಿನವೇ ಅಂದಳು. ಆದರೆ ಕಟ್ಟಡದ ಮಾಲೀಕರು ಧಣಿಯಲ್ಲ, ಅವರಿಗೆ ಆ ರಕ್ಷಣೆ ಇಲ್ಲ. ಹಳೇ ಮೆಟ್ಟಿಲನ್ನು ಹಾಗೇ ಕೊಳೆಯಲು ಬಿಟ್ಟಿದ್ದರೆ ಅವರು ಉತ್ತರ ಹೇಳಲೇಬೇಕು. ಗೆದ್ದರೆ ಸೆಲ್ಸೊನಿಗೆ ಅಗಲವಾದ ಬಾಗಿಲಿನ ಮನೆ, ಹೊರಳಿಸಲು ಒಬ್ಬ ಆಳು.

"ಅಂದ್ರೆ ಗಂಡನ್ನ ಮುಟ್ಟಂಗಿಲ್ಲ, ಹೆಂಡ್ತಿನ ಕೋರ್ಟಿಗೆ ಎಳೀಬಹುದು," ಅಂದ ಎರ್ಮೆಲಿಂದೊ, ನಮ್ಮಲ್ಲಿ ಹಿರಿಯ. "ನಮ್ಮನೇಲಿ ಕಾನೂನು ಉಲ್ಟಾ."

ಏಳು ತಿಂಗಳಲ್ಲಿ ಯುಫ್ರೊಸಿನಾ ನಕ್ಕಿದ್ದು ಅದೊಂದೇ ಸಲ.

ಆಮೇಲೆ ಮರಿಸೋಲ್ ಕಳಚಿಬಿದ್ದ ಮೆಟ್ಟಿಲಿನ ಫೋಟೋ ಹೊರಗೆ ತೆಗೆದಳು. ಮೆಟ್ಟಿಲ ಹಲಗೆಗಳು ಹೊಸದಾಗಿ ಕಾಣುತ್ತವಲ್ಲ, ಯಾರು ಹಾಕಿದ್ದು ಅಂತ ಕೇಳಿದಳು. ಎರ್ಮೆಲಿಂದೊ ಎದೆಯುಬ್ಬಿಸಿ ಹೇಳಿದ, ನಾವೇ ಹಾಕಿದ್ದು, ತೆಕಿಯೊ ಮಾಡಿ.

ತೆಕಿಯೊ ಅಂದರೆ ನಮ್ಮ ಕಡೆ ಊರ ಕೆಲಸ. ರಸ್ತೆಯೋ ನೀರಿನ ಕಾಲುವೆಯೋ ಕೆಟ್ಟರೆ ಮನೆಗೊಂದು ಆಳು ಬರಬೇಕು, ಕೂಲಿ ಕೇಳಬಾರದು. ಬಂದವರ ಹೆಸರನ್ನು ಊರ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ, ಬಾರದವನ ಹೆಸರು ಓದುವುದಿಲ್ಲ; ಅದಕ್ಕಿಂತ ದೊಡ್ಡ ಶಿಕ್ಷೆ ನಮ್ಮಲ್ಲಿಲ್ಲ. ಮೆಟ್ಟಿಲು ಅಲುಗಾಡುತ್ತದೆ ಅಂತ ನಾವು ಬ್ರಾಕೆಟ್ಟರಿಗೆ ಹೇಳಿದ್ದೆವು. ಕಟ್ಟಡದವರನ್ನು ಕೇಳಿ ಅಂದರು. ಕಟ್ಟಡದವರು ಬಾಡಿಗೆದಾರರನ್ನು ಕೇಳಿ ಅಂತ ಮೇಸ್ತ್ರಿಯ ಕೈಯಲ್ಲಿ ಹೇಳಿ ಕಳಿಸಿದರು. ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರು ಒಂದು ಹಲಗೆಯ ಬಗ್ಗೆ ಆರು ತಿಂಗಳು ಮಾತಾಡಿಕೊಳ್ಳಲಿಲ್ಲ. ಕೊನೆಗೆ ಸೆಲ್ಸೊ, ಊರಿನಲ್ಲಿ ಬಡಗಿಯಾಗಿದ್ದವನು, ಮರಕ್ಕೆ ಅಳತೆ ಹಿಡಿದ. ಎರಡು ಭಾನುವಾರ ಹನ್ನೆರಡು ಜನ ಸೇರಿ ಹಲಗೆ ಬದಲಿಸಿದೆವು.

ಮರಿಸೋಲಳ ಪೆನ್ನು ನಿಂತಿತು. ಕಂಪನಿಯ ಆಳುಗಳೇ ಮೆಟ್ಟಿಲು ಮುಟ್ಟಿದ್ದಾರೆ ಅಂದರೆ ಆ ತಾಯಿ ಏನನ್ನುತ್ತಾಳೆ? ಅದು ನನ್ನ ಮೆಟ್ಟಿಲಲ್ಲ, ಬಾಡಿಗೆದಾರರದು ಅನ್ನುತ್ತಾಳೆ. ಬಾಡಿಗೆದಾರ ಅಂದರೆ ಬ್ರಾಕೆಟ್. ಬ್ರಾಕೆಟ್ ಮೇಲೆ ಕೇಸು ನಡೆಯುವುದಿಲ್ಲ. ಸುಳ್ಳು ಹೇಳಿ ಅಂತ ಮರಿಸೋಲ್ ಹೇಳಲಿಲ್ಲ, ಅವಳು ಒಳ್ಳೆಯ ಹುಡುಗಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ನಿಜವಾಗಿ ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ ಅಂದಳು. "ನಿಜವಾಗಿ" ಅನ್ನುವುದನ್ನು ಎರಡು ಸಲ ಹೇಳಿದಳು.

ಯುಫ್ರೊಸಿನಾಗೆ ಉಳಿದರ್ಧ ಮಾತ್ರ ಕೇಳಿಸಿತು. ಮಾರನೆಯ ದಿನ, ಗಂಡನನ್ನು ಒಮ್ಮೆ ಹೊರಳಿಸಿ ಮತ್ತೆ ಹೊರಳಿಸುವುದರೊಳಗೆ, ನಮ್ಮ ಹನ್ನೊಂದು ಮನೆಗೂ ಬಂದಳು.

"ನೆನಪಿಲ್ಲ ಅನ್ನಣ್ಣ," ಅಂದಳು ನನಗೆ. "ಅಷ್ಟೇ ಸಾಕು. ನಿನ್ನ ಗಂಟೇನೂ ಹೋಗಲ್ಲ."

ದಾವೆ ಹೂಡಿದ ಮೇಲೆ ಆ ತಾಯಿಯ ಕಡೆಯ ವಕೀಲರು ತಮ್ಮ ಆಫೀಸಿಗೆ ಕರೆಸಿ, ಪ್ರಮಾಣ ಮಾಡಿಸಿ ಒಬ್ಬೊಬ್ಬರನ್ನೇ ಕೇಳಿದರು. ಒಬ್ಬೊಬ್ಬರೂ ಮರೆತೆವು. ನಾನು ಮೂರು ಭಾಷೆ ಬಲ್ಲವನು, ಮೂರರಲ್ಲೂ ಮರೆತೆ.

ಕೊನೆಗೆ ಸೆಲ್ಸೊನ ಸರದಿ. ನಾಲ್ವರು ಅವನನ್ನು ಕಂಬಳಿಯಲ್ಲಿ ಹೊತ್ತು ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿದೆವು. ತಳ್ಳಿಕೊಂಡು ಹೋದವನು ನಾನಾದ್ದರಿಂದ ಮೂಲೆಯಲ್ಲಿ ಕೂರಲು ಬಿಟ್ಟರು. ಆ ತಾಯಿಯ ವಕೀಲರು ಬಿಳಿ ಕೂದಲಿನ ಸಭ್ಯಸ್ಥರು. ತಾವೇ ಎದ್ದು ಸೆಲ್ಸೊನಿಗೆ ನೀರು ಕೊಟ್ಟರು. ಫೋಟೋ ಮುಂದಿಟ್ಟರು. ಈ ಹಲಗೆ ಕೂರಿಸಿದವನು ಯಾರೋ ಗೊತ್ತಿಲ್ಲ, ಯಾರಿಗೂ ನೆನಪಿಲ್ಲವಂತೆ, ಆದರೆ ಕೆಲಸ ಬಾರದವನೇ ಇರಬೇಕು, ಅಲ್ಲವೇ ಅಂದರು. ದುಭಾಷಿ ಅದನ್ನು ನಮ್ಮ ಮಾತಿಗೆ ತಿರುಗಿಸಿದ. ಮರಿಸೋಲ್ ಆಕ್ಷೇಪಣೆ ಅಂದಳು. ಅಲ್ಲಿ ಜಡ್ಜ್ ಇರಲಿಲ್ಲ, ಅದನ್ನೂ ಬರೆದುಕೊಂಡರು ಅಷ್ಟೇ. ಉತ್ತರ ಮಾತ್ರ ಕೊಡಲೇಬೇಕಿತ್ತು.

ಸೆಲ್ಸೊ ಫೋಟೋವನ್ನು ತುಂಬಾ ಹೊತ್ತು ನೋಡಿದ.

"ಕೆಲಸ ಬರೋನೇ ಮಾಡಿದ್ದು," ಅಂದ. "ನಾನು ಮಾಡಿದ್ದು. ಹಲಗೆ ನೋಡಿ ಸ್ವಾಮಿ, ಒಂದೂ ಸೀಳಿಲ್ಲ. ಕೊಳೆತಿದ್ದು ಗೋಡೆಯೊಳಗಿನ ತೊಲೆ. ಅದು ಅಮ್ಮಾವ್ರದ್ದು. ಅದನ್ನ ಮುಟ್ಟಿಲ್ಲ."

ಯಾರ ಜೊತೆ ಸೇರಿ ಮಾಡಿದಿರಿ ಅಂತ ವಕೀಲರು ಮೆಲ್ಲಗೆ ಕೇಳಿದರು.

ಸೆಲ್ಸೊ ನನ್ನ ಕಡೆ ನೋಡಲಿಲ್ಲ. "ಯಾರೂ ಇರಲಿಲ್ಲ. ನಾನೊಬ್ನೇ."

ಆ ದಿನ ಅವನು ಹೇಳಿದ ಸುಳ್ಳು ಅದೊಂದೇ.

ಮನೆಗೆ ಬಂದು ಮಲಗಿಸಿದ ಮೇಲೆ ಯುಫ್ರೊಸಿನಾ ಕೂಗಾಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು. "ಮರ್ತೆ ಅನ್ನೋ ಒಂದು ಮಾತು ಬಾಯಿಗೆ ಬರಲಿಲ್ವಾ ನಿಂಗೆ?"

"ಕಾಲು ಹೋಯ್ತು, ಯುಫ್ರೊ," ಅಂದ ಅವನು. "ಕೈ ಮಾಡಿದ್ದನ್ನೂ ಇಲ್ಲ ಅಂದ್ರೆ ನಂದು ಅಂತ ಇನ್ನೇನು ಉಳೀತು?"

ತೀರ್ಪು ನಾಲ್ಕು ಹಾಳೆ. ಮೆಟ್ಟಿಲನ್ನು ಬದಲಿಸಿದ್ದು ಬಾಡಿಗೆದಾರ ಕಂಪನಿಯ ಕೆಲಸಗಾರನೇ, ಆದ್ದರಿಂದ ಕಟ್ಟಡದ ಮಾಲೀಕರು ಹೊಣೆಯಲ್ಲ. ಕಂಪನಿಯ ಮೇಲೆ ದಾವೆಗೆ ಅವಕಾಶವೇ ಇಲ್ಲ. ಗೋಡೆಯೊಳಗಿನ ತೊಲೆಯ ಬಗ್ಗೆ ಒಂದು ಸಾಲೂ ಇಲ್ಲ. ಹೀಗೆ ಮೆಟ್ಟಿಲು ಸೆಲ್ಸೊನದಾಯಿತು. ಈ ದೇಶಕ್ಕೆ ಬಂದ ಹದಿನಾರು ವರ್ಷಕ್ಕೆ ಅವನ ಹೆಸರಿಗಾದ ಮೊದಲ ಆಸ್ತಿ.

ಒಂದು ವಾರ ಯಾರೂ ಅವನ ಮನೆ ಕಡೆ ಹೋಗಲಿಲ್ಲ. ಶೆಡ್ಡಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಭಾನುವಾರ ಎರ್ಮೆಲಿಂದೊ ನನ್ನ ಬಾಗಿಲು ತಟ್ಟಿದ. ಹಿಂದೆ ಉಳಿದ ಒಂಬತ್ತು ಜನ. ಕಾಗದ ತೆಗಿ ಅಂದ. ನಮಗೆ ನೆನಪಿದೆ, ಅವನೊಬ್ಬನೇ ಅಲ್ಲ, ಇಂಥ ಎರಡು ಭಾನುವಾರ ನಾವೂ ಇದ್ದೆವು ಅಂತ ಬರೆಸಿದ. ಫೋನಿನಲ್ಲಿ ಮರಿಸೋಲ್ ಗಾಬರಿಯಾದಳು. ಇದರಿಂದ ಕೇಸು ತಿರುಗುವುದಿಲ್ಲ, ಪ್ರಮಾಣ ಮಾಡಿ ಸುಳ್ಳು ಹೇಳಿದೆವು ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತದೆ, ಜೈಲಾದರೂ ಆದೀತು, ಊರಿಗೆ ಅಟ್ಟಿದರೂ ಅಟ್ಟಿಯಾರು ಅಂದಳು.

"ಗೊತ್ತಾಯ್ತು ವಕೀಲಮ್ಮ," ಅಂದ ಎರ್ಮೆಲಿಂದೊ. "ಆದ್ರೆ ಜಡ್ಜ್ ಕಾಗದದಲ್ಲಿ ಒಬ್ನೇ ಅಂತಿದೆ. ತೆಕಿಯೊ ಒಬ್ಬ ಮಾಡೋ ಕೆಲಸ ಅಲ್ಲ. ಬರೆದಿರಲಿ."

ಹನ್ನೊಂದು ಹೆಸರು ಹೊತ್ತ ಕಾಗದ ತೆಗೆದುಕೊಂಡು ಸೆಲ್ಸೊನ ಮನೆಗೆ ಹೋದೆವು. ನಾನು ಗಟ್ಟಿಯಾಗಿ ಓದಿದೆ, ಊರ ಸಭೆಯಲ್ಲಿ ಓದುವ ಹಾಗೆ, ಹೆಸರು ಹೆಸರಾಗಿ. ಸೆಲ್ಸೊ ಗೋಡೆಗೆ ಮುಖ ತಿರುಗಿಸಿಕೊಂಡಿದ್ದ. ಅವನ ಭುಜ ಅಲುಗುತ್ತಿತ್ತು.

ಮರೆಯಿರಿ ಅಂತ ಮನೆ ಮನೆ ತಿರುಗಿದ್ದವಳು ಒಲೆಯ ಹತ್ತಿರ ನಿಂತು ಕೇಳಿಸಿಕೊಂಡಳು. ಆಮೇಲೆ ಬಂದು ಕಾಗದದ ಮೇಲೆ ಬಗ್ಗಿದಳು. ಅವಳಿಗೆ ಓದು ಬಾರದು, ಸಾಲು ಎಣಿಸಿದಳು.

"ಎರಡು ಭಾನುವಾರ ಇಷ್ಟು ಜನಕ್ಕೂ ಅಡುಗೆ ಮಾಡಿ ಶೆಡ್ಡಿಗೆ ಹೊತ್ಕೊಂಡು ಬಂದೋಳು ಯಾರಣ್ಣ?" ಅಂದಳು. "ಬರಿ."

ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು, ಬೇಕಾದ್ದಕ್ಕಿಂತ ಜೋರಾಗಿ. ಮಸಿ ಕೆಳಗಿನ ಹಾಳೆಗೂ ಇಳಿದಿತ್ತು.