ಸಿಳ್ಳಾರದ ಮೈಬಿಸಿ

ಇನ್ನು ಹಕ್ಕಿ ಮುಟ್ಟುವುದಿಲ್ಲ ಎಂದು ಹೆಂಡತಿ ಯಮುನಮ್ಮನ ಬಸುರಿನ ಮೇಲೆ ಕೈಯಿಟ್ಟು ಹೇಳಿ ಹತ್ತು ವರ್ಷವಾಯಿತು, ಹೆಂಡತಿ ಬಸುರಿಯಿದ್ದಾಗ ಗಂಡ ಜೀವ ತೆಗೆಯಬಾರದು, ನಾನೋ ಹಲಸಿನ ಮೇಣ ಸವರಿದ ಕಡ್ಡಿಯಿಟ್ಟು ಪಿಕಳಾರ ಹಿಡಿದು ಸುಟ್ಟು ತಿನ್ನುತ್ತಿದ್ದವನು — ಹೆತ್ತಮೇಲೂ ಮುಟ್ಬೇಡಿ, ಮಗೀಗೆ ತಾಗ್ತದೆ ಅಂದಳು, ಹೂಂ ಅಂದೆ, ಈಗ ಸುರಗಿ ಹೂ ಬಿಡುವ ಕಾಲಕ್ಕೆ ಹುಲಿಕಲ್ಲಿನಲ್ಲಿ ಹಕ್ಕಿಯ ಕಾಲಿಗೆ ಗುರುತಿನ ಉಂಗುರ ತೊಡಿಸುವವರ ಕೇಂದ್ರದಲ್ಲಿ ಬಿದಿರು ನೆಟ್ಟು ಬಲೆ ಕಟ್ಟುವುದಷ್ಟೇ ನನ್ನ ಕೆಲಸ, ಬಿಡಿಸುವುದು, ತೂಗುವುದು, ಬರೆಯುವುದೆಲ್ಲ ನವ್ಯಾ ಮೇಡಂ, ಕಣ್ಣು ಉರಿಯುತ್ತಿದೆ, ಮೂರು ರಾತ್ರಿಯಿಂದ ನಿದ್ದೆಯಿಲ್ಲ, ಮಗಳು ಚೈತನ್ಯಾಳ ಹಣೆ, ಒದ್ದೆ ಬಟ್ಟೆ ಇಟ್ಟಕೂಡಲೇ ಒಣಗುವ ಆ ಹಣೆ, ಬೆಳಿಗ್ಗೆ ಹೊರಡುವಾಗಲೂ ಕಾದ ಕಾವಲಿ — ಜಯಪ್ಪಣ್ಣ, ಬೇಗ ಬನ್ನಿ, ಮೇಡಂ ಕೂಗುತ್ತಿದ್ದಾರೆ, ಅವರ ಕೈಯಲ್ಲಿ ಆಗಲೇ ಒಂದು ಮಡಿವಾಳ ಹಕ್ಕಿ, ಎದುರಿನ ಬಲೆಯಲ್ಲಿ ಕಿತ್ತಳೆ ತಲೆಯ ಸಿಳ್ಳಾರ ತಲೆಕೆಳಗಾಗಿ, ನಾಲಿಗೆಗೆ ಬಲೆಯ ದಾರ ಸಿಕ್ಕಿದೆ, ಒಂದೇ ಕೈಲಿ ನಂಗೆ ಬರ್ತಿಲ್ಲ, ನೀವೇ ಬಿಡಿಸಿ, ನಾನು ಬರೀ ಕಂಬ ನೆಡುವವನು ಮೇಡಂ, ಸತ್ತೇಹೋಗ್ತದೆ ಮಾರಾಯ್ರೆ, ಆಮೇಲೆ ಕಂಬ ತಬ್ಕೊಂಡು ಅಳ್ತೀರಾ — ಮುಟ್ಟಿದರೆ ಅಲ್ಲಿ ಮಗಳು, ಮುಟ್ಟದಿದ್ದರೆ ಇಲ್ಲಿ ಇದು, ಕೊಕ್ಕಿನೊಳಗೆ ಎಳೆಯ ನಾಲಿಗೆ ದಾರ ಬಿಗಿದು ನೀಲಿಗಟ್ಟುತ್ತಿದೆ, ಕೈ ತಾನೇ ಮುಂದಾಯಿತು, ಎರಡು ಬೆರಳ ನಡುವೆ ಕುತ್ತಿಗೆ, ಬೆರಳು ಏನನ್ನೂ ಮರೆತಿಲ್ಲ, ಹೀಗೇ ಹಿಡಿದು ತಿರುವುತ್ತಿದ್ದೆನಲ್ಲ, ತಿರುವಬೇಡ, ಉಗುರಿನ ತುದಿಯಿಂದ ದಾರ ಹಿಂದಕ್ಕೆ, ಮೆಲ್ಲಗೆ, ಇನ್ನೂ ಮೆಲ್ಲಗೆ, ಅಯ್ಯೋ ಮೈ ಸುಡ್ತಿದೆ ಮೇಡಂ, ಇದಕ್ಕೂ ಜ್ವರ, ಜ್ವರ ಅಲ್ಲ, ಹಕ್ಕಿ ಮೈ ಯಾವಾಗ್ಲೂ ಹಂಗೇ, ತಣ್ಣಗಾದ್ರೆ ಹೆದರ್ಬೇಕು, ಬಿಟ್ಟಿತು ದಾರ, ಬಿಟ್ಟಿತು, ಮೇಡಂ ಉಂಗುರ ತೊಡಿಸಿ ಮತ್ತೆ ನನ್ನ ಅಂಗೈಗೇ ಇಟ್ಟರು, ಒಂದು ಗಳಿಗೆ ಆ ಬಿಸಿ ಕೂತೇ ಇತ್ತು, ಆಮೇಲೆ ಹಾರಿತು, ಪೊದೆ ಅಲ್ಲಾಡುತ್ತಿದೆ — ಜೇಬಿನಲ್ಲಿ ಫೋನು, ಯಮುನಮ್ಮನೇ, ಎತ್ತಲು ಧೈರ್ಯವಿಲ್ಲ, ಎತ್ತಿದೆ, ರೀ, ಕೇಳ್ತಿದೀರಾ, ಬೆವ್ತು ಜ್ವರ ಬಿಡ್ತು, ಗಂಜಿ ಬ್ಯಾಡಂತೆ ನಿಮ್ ಮಗಳಿಗೆ, ದೋಸೇನೇ ಆಗ್ಬೇಕಂತೆ, ಹಠ ಶುರುವಾತು, ತರಗೆಲೆಯ ಮೇಲೇ ಕೂತೆ, ನಗು ಬರುತ್ತಿದೆ, ಮೂಗೂ ಸೋರುತ್ತಿದೆ, ಹಕ್ಕಿ ಮುಟ್ಟಿದೆ ಕಣೇ, ಆ ಕಡೆ ಕಾವಲಿ ಚುಂಯ್ ಎಂದಿತು, ಬದುಕ್ತಾ, ಬದುಕ್ತು, ಹಂಗಾರೆ ಕೈ ತೊಳ್ಕೊಂಡು ಬೇಗ ಬನ್ನಿ, ಇನ್ನೊಂದ್ಸಲ ಮಾತು ಗೀತು ಕೊಡಾಕೆ ಬರ್ಬೇಡಿ — ತೊಳೆಯಬೇಕು, ತೊಳೆಯುತ್ತೇನೆ, ಮಗಳ ಹಣೆ ತಣ್ಣಗಾಗಿದೆ, ಅಂಗೈಯಲ್ಲಿ ಆ ಬಿಸಿ, ಇನ್ನೂ ಆ ಬಿಸಿ. ಕೊಟ್ಟ ಮಾತು ಮುರಿದೆ.