ಇನ್ನೂರ ಹದಿನಾಲ್ಕು ಕಿವಿಗಳು

"ಕ್ರೇನನ್ನ ಕುತ್ತಿಗೆ ಹಿಡಿದು ಎತ್ತಬೇಡ, ಬುಡ ಹಿಡಿ" ಎಂದು ಮುದುಕಿ ಕುರ್ಚಿಯಲ್ಲಿ ಕೂತೇ ಹೇಳುವಷ್ಟರಲ್ಲಿ ನಾದಿನಿ ಕುತ್ತಿಗೆ ಹಿಡಿದೇ ಎತ್ತಿಯಾಗಿತ್ತು. ತಗಡಿನ ಕ್ರೇನು ತಲೆ ಬಾಗಿಸಿದ್ದು ಮತ್ತೆ ಏಳಲಿಲ್ಲ.

"ಅಯ್ಯೋ ಅತ್ತಿಗೆ, ಬಗ್ಗೇ ಹೋಯ್ತು."

"ಬಗ್ಗಲಿ ಬಿಡು. ಬಂದವರು ಅದಕ್ಕೂ ದುಃಖ ಆಗಿದೆ ಅನ್ಕೊಳ್ತಾರೆ."

ನಡುಮನೆಯಲ್ಲಿ ಮುದುಕಿಯ ತೀರಿಕೊಂಡ ಗಂಡ ಮೇಸ್ತ್ರಿಯನ್ನು ಮಲಗಿಸಲು ಜಾಗ ಮಾಡಬೇಕಿತ್ತು. ಆ ಮನೆಯಲ್ಲಿ ಮನುಷ್ಯರಿಗೆಂದು ಜಾಗ ಯಾವತ್ತೂ ಇರಲಿಲ್ಲ. ಟೀವಿಯ ಮೇಲೆ ಎರಡು ಹಡಗು, ಫ್ರಿಜ್ಜಿನ ಮೇಲೆ ರೈಲು, ಕಿಟಕಿಯಲ್ಲಿ ಸೇತುವೆ, ಮಂಚದ ನೆತ್ತಿಗೆ ದಾರದಲ್ಲಿ ತೂಗುವ ವಿಮಾನ. ಎಲ್ಲವೂ ಲೋಹದವು, ಎಲ್ಲವೂ ಅಂಗೈಯಲ್ಲಿ ಹಿಡಿಸುವಂಥವು. ಡಬ್ಬಿಯಲ್ಲಿ ತೆಳ್ಳನೆಯ ತಗಡಿನ ಹಾಳೆಗಳು ಬರುತ್ತವೆ. ಅವುಗಳಿಂದ ಚೂರುಗಳನ್ನು ಕತ್ತರಿಸಿ, ಬಗ್ಗಿಸಿ, ಒಂದು ಚೂರಿನ ಅಂಚಿಗಿರುವ ಪುಟ್ಟ ಕಿವಿಯನ್ನು ಇನ್ನೊಂದರ ಸೀಳಿಗೆ ತೂರಿಸಿ ಇಕ್ಕಳದಿಂದ ತಿರುಚಬೇಕು. ಅಂಟು ಗಿಂಟು ಏನೂ ಇಲ್ಲ. ಮೇಸ್ತ್ರಿ ಅದನ್ನು 'ಕಿವಿ ಹಿಂಡೋದು' ಅನ್ನುತ್ತಿದ್ದ. ಮೂವತ್ತನಾಲ್ಕು ವರ್ಷ ಊರಿನ ಎತ್ತರದ ಕಟ್ಟಡಗಳಿಗೆಲ್ಲ ಲಿಫ್ಟು ಕೂರಿಸಿದವನು. ಅವನ ಸ್ವಂತ ಮನೆ ಮಾತ್ರ ಲಿಫ್ಟಿಲ್ಲದ ನಾಲ್ಕನೇ ಮಹಡಿ.

"ಹೊತ್ತು ಇಳಿಸೋರ ಸೊಂಟ ಉಳಿಯಲ್ಲ" ಎಂದಳು ಮುದುಕಿ. "ನಾನು ಆಗಲೇ ಹೇಳಿದ್ದೆ, ನೆಲಮಹಡೀಲಿ ಸಾಯಿರಿ ಅಂತ."

"ಅಮ್ಮಾ" ಎಂದು ಮಗಳು ಕಣ್ಣು ಒರೆಸಿಕೊಳ್ಳುತ್ತಲೇ ಗದರಿದಳು.

ಮುದುಕಿ ಸುಮ್ಮನಾದದ್ದು ಮುಂದಿನವರು ಬಾಗಿಲಿಗೆ ಬರುವವರೆಗೆ ಮಾತ್ರ. ಬಂದವನು ಗ್ರೀಸಣ್ಣ, ಮೇಸ್ತ್ರಿಯ ಕೈಕೆಳಗೆ ಇಪ್ಪತ್ತು ವರ್ಷ ದುಡಿದು, ಈಗ ತಾನೂ ನಿವೃತ್ತನಾದವನು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಗುರುವಿನ ಕಾಲು ಮುಟ್ಟಿ, ಮುಖಕ್ಕೆ ಟವೆಲು ಹಿಡಿದು ಅತ್ತ. ಅಳು ಮುಗಿಯುವುದನ್ನೇ ಕಾದು ಮುದುಕಿ ಹತ್ತಿರ ಕರೆದಳು.

"ಗ್ರೀಸಣ್ಣ, ನಿನಗೇನಾದ್ರೂ ಹೇಳಿದ್ರಾ? ಗೂಬೆಯೋ, ಲಂಗರೋ?"

"ಏನಕ್ಕಾ?"

"ಡಬ್ಬಿ ಕಣೋ. ಜೈಂಟ್ ವೀಲಿನ ಡಬ್ಬಿ. ಯಾವ ಮಾರ್ಕು ತಗೊಳ್ಳೋದು ಅಂತ ತೀರ್ಮಾನ ಮಾಡಿದ್ರಾ?"

"ಇಲ್ಲಕ್ಕ. ಹೋದ ವಾರ ಸಿಕ್ಕಾಗ ಇನ್ನೂ ಯೋಚನೇಲೇ ಇದ್ರು."

ಮುದುಕಿಯ ಮುಖ ಸಣ್ಣದಾಯಿತು. ಮಗಳು ಬಂದು ಕಿವಿಯಲ್ಲಿ ಹೇಳಿದಳು: "ಬೆಳಗ್ಗಿಂದ ಬಂದವರನ್ನೆಲ್ಲ ಅದನ್ನೇ ಕೇಳ್ತಿದ್ದೀಯಲ್ಲಮ್ಮ. ಜನ ಏನಂದ್ಕೋತಾರೆ?"

"ತಲೆ ಕೆಟ್ಟಿದೆ ಅಂದ್ಕೋತಾರೆ. ಅದು ನಿನ್ನಪ್ಪನ್ನ ಕಟ್ಕೊಂಡ ದಿನವೇ ಕೆಟ್ಟಿತ್ತು."

ಮಗಳಿಗೆ ಗೊತ್ತಿಲ್ಲದ್ದು ಮುದುಕಿಯ ಎದೆಯಲ್ಲಿತ್ತು. ಗಂಡನ ಜೊತೆ ಆಡಿದ ಕೊನೆಯ ದೊಡ್ಡ ಮಾತು ಅವಳನ್ನು ನಿನ್ನೆ ಮಧ್ಯಾಹ್ನದಿಂದ ಕುಟ್ಟುತ್ತಿತ್ತು.

*

ಎರಡು ವರ್ಷದ ಹಿಂದೆ ಮೇಸ್ತ್ರಿಯ ಕೈ ನಡುಗಲು ಶುರುವಾಯಿತು. ಚಿಮಟದಲ್ಲಿ ಹಿಡಿದ ಚೂರು ಹಾರಿ ಸೋಫಾದ ಅಡಿ ಸೇರುತ್ತಿತ್ತು. ಇಬ್ಬರೂ ಮಂಡಿಯೂರಿ ಪೊರಕೆಯಿಂದ ಹುಡುಕುತ್ತಿದ್ದರು. ಒಮ್ಮೆ ಹಡಗಿನ ಚಿಮಣಿ ಸಿಕ್ಕಲೇ ಇಲ್ಲ. ಮೂರು ದಿನದ ಮೇಲೆ ಅವಳ ಚಪ್ಪಲಿಯೊಳಗೆ ಚುಚ್ಚಿತು. ಕಿವಿಯಂತೂ ಎರಡು ಸಲ ತಿರುಚಿದರೆ ಮೂರನೆಯ ಸಲಕ್ಕೆ ಮುರಿದೇ ಹೋಗುತ್ತದೆ. ಒಂದು ದಿನ ಮೂರು ಕಿವಿ ಮುರಿದವನು ಇಕ್ಕಳವನ್ನು ಮೇಜಿನ ಮೇಲಿಟ್ಟು, ಕಿಟಕಿಯ ಹೊರಗೆ ನೋಡುತ್ತ ಕೂತುಬಿಟ್ಟ.

"ಈಚೆ ಕೊಡಿ" ಎಂದಳು ಅವಳು. "ನಲವತ್ತು ವರ್ಷ ಶರ್ಟಿಗೆ ಕಾಜಾ ಹೊಲಿದ ಬೆರಳು ಇದು. ನಾನು ಹೊಲಿದ ಕಾಜಾ ಸಾಲಾಗಿ ಇಟ್ಟರೆ ಚಂದ್ರನ್ನ ಮುಟ್ಟಿ ವಾಪಸ್ಸು ಬರಬಹುದು. ನಿಮ್ಮ ತಗಡಿನ ಕಿವಿ ಯಾವ ಲೆಕ್ಕ?"

ಅವನಿಗೆ ಪ್ರಿಯವಾದದ್ದು ಲಂಗರು ಮಾರ್ಕು. ತಗಡು ದಪ್ಪ, ಅಂಚು ನುಣುಪು. ಆದರೆ ಜೋಡಿಸುವ ವಿಧಾನ ಹೇಳುವ ಕಾಗದದ ಹಾಳೆಯಲ್ಲಿ ಇರುವೆ ಸಾಲಿನಷ್ಟು ಅಕ್ಷರ. ಅವನು ಕನ್ನಡಕ ಏರಿಸಿ ಓದುವುದು, ಅವಳು ಹಿಂಡುವುದು. "ಒಂಬತ್ತನೇ ತುಂಡು, ಎಡಗಡೆ ಕಿವಿ, ಒಳಕ್ಕೆ... ಒಳಕ್ಕೆ ಅಂದೆ ಕಣೇ." "ನೀವು ಒಳಕ್ಕೆ ಅನ್ನೋ ಹೊತ್ತಿಗೆ ಅದು ಹೊರಗಾಗಿತ್ತು." ಸೇತುವೆ, ಕ್ರೇನು, ಕೊನೆಯ ಎರಡು ಹಡಗು ಹೀಗೆ ಎದ್ದವು. ಬಂದವರಿಗೆ ಮೇಸ್ತ್ರಿ "ನಾನೇ ಮಾಡಿದ್ದು" ಅನ್ನುತ್ತಿದ್ದ. ಅವಳು ಅವನ ಹಿಂದೆ ನಿಂತು ತನ್ನ ಹತ್ತು ಬೆರಳು ಆಡಿಸಿ ತೋರಿಸುತ್ತಿದ್ದಳು.

ಗೂಬೆ ಮಾರ್ಕಿನದು ಅವನಿಗೆ ಆಗುತ್ತಿರಲಿಲ್ಲ. "ಹಪ್ಪಳಕ್ಕಿಂತ ತೆಳು. ಹಾಳೇಲಿ ಬರೀ ಚಿತ್ರ. ಓದು ಬರದವರಿಗೆ ಅಂತ ಮಾಡಿದ್ದು" ಎಂದುಬಿಟ್ಟಿದ್ದ ಒಮ್ಮೆ, ಅಂಗಡಿಯಲ್ಲೇ, ಅವಳ ಎದುರಿಗೇ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಶಾಲೆಯ ಮೆಟ್ಟಿಲು ಹತ್ತಿದ್ದು ಗುಡಿಸುವುದಕ್ಕೆ ಮಾತ್ರ. ಅವತ್ತು ಸಂಜೆವರೆಗೆ ಅವಳು ಮಾತಾಡಲಿಲ್ಲ. ಅವಳು ಸಂಜೆವರೆಗೆ ಮಾತಾಡದೆ ಇದ್ದದ್ದು ಲೋಕದ ಚರಿತ್ರೆಯಲ್ಲಿ ಅದೊಂದೇ ಸಲ.

ಆಮೇಲೆ ಅಂಗಡಿಗೆ ಜೈಂಟ್ ವೀಲು ಬಂತು. ಎರಡೂ ಮಾರ್ಕಿನವರು ಒಂದೇ ಚಕ್ರವನ್ನು ಮಾಡಿದ್ದರು. ಮೇಸ್ತ್ರಿ ಎರಡು ತಿಂಗಳು ಯೋಚಿಸಿದ. ಹೆಣ್ಣು ನೋಡಲು ಬಂದಾಗ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಒಪ್ಪಿದವನು, ಡಬ್ಬಿಗೆ ಎರಡು ತಿಂಗಳು. ಮೊನ್ನೆ ಸಂಜೆ ಮತ್ತೆ ಶುರು ಮಾಡಿದ: "ಲಂಗರಾದ್ರೆ ಗಟ್ಟಿ. ಆದ್ರೆ ಗೂಬೇದು..."

ಅನ್ನ ಸೀದ ವಾಸನೆ ಬರುತ್ತಿತ್ತು. ಅವಳು ರೇಗಿದಳು. "ಸಾಕು ಮಾಡ್ರೀ. ಸಾಯೋದ್ರೊಳಗೆ ಒಂದು ತೀರ್ಮಾನ ಮಾಡಿ."

"ಆಗಲಿ" ಎಂದು ಅವನು ನಕ್ಕ.

ಮರುದಿನ ಮಧ್ಯಾಹ್ನ, ಊಟ ಮಾಡಿ ಕುರ್ಚಿಗೆ ಒರಗಿದವನು ಏಳಲಿಲ್ಲ.

*

ಗಾಡಿ ಕೆಳಗೆ ಬಂದು ನಿಂತಿದೆ ಎಂದು ಯಾರೋ ಕೂಗಿದರು. ಗ್ರೀಸಣ್ಣ ಮೂವರನ್ನು ಜೊತೆ ಮಾಡಿಕೊಂಡು, ತಿರುವಿನಲ್ಲಿ ಹೇಗೆ ಇಳಿಸಬೇಕೆಂದು ಅಳತೆ ಹಾಕುತ್ತಿದ್ದ. ಆಗ ಮೆಟ್ಟಿಲಲ್ಲಿ ಆಟಿಕೆ ಅಂಗಡಿಯ ಯಜಮಾನ ಕಾಣಿಸಿಕೊಂಡ. ಕಂಕುಳಲ್ಲಿ ಕಾಗದ ಸುತ್ತಿದ ಪೊಟ್ಟಣ. ಒಳಗೆ ಮಲಗಿದ್ದವನನ್ನು ಕಂಡು ಅವನು ಬಾಗಿಲಲ್ಲೇ ನಿಂತ.

"ನನಗೆ ಗೊತ್ತೇ ಆಗ್ಲಿಲ್ಲಮ್ಮ" ಎಂದ. "ನಿನ್ನೆ ಬೆಳಿಗ್ಗೆ ತಾನೇ ಫೋನು ಮಾಡಿದ್ರು. ತೆಗೆದು ಇಟ್ಟಿರು, ನಾಳೆ ನೀನೇ ತಂದುಕೊಡು, ನನ್ನ ಮಂಡಿಗೆ ಮೆಟ್ಟಿಲು ಆಗಲ್ಲ ಅಂದ್ರು. ಈಗ ಇದನ್ನ... ವಾಪಸ್ಸು ತಗೊಂಡು ಹೋಗ್ತೀನಿ ಬಿಡಿ."

ಮುದುಕಿ ಕುರ್ಚಿಯಿಂದ ಎದ್ದಿದ್ದಳು. "ನಿನ್ನೆ ಎಷ್ಟು ಹೊತ್ತಿಗೆ?"

"ಒಂಬತ್ತಕ್ಕೆ. ನೀವು ಬಟ್ಟೆ ಒಣಗಿಸೋಕೆ ತಾರಸಿಗೆ ಹೋಗಿದ್ದೀರಿ ಅಂದ್ರು. ಮೆತ್ತಗೆ ಮಾತಾಡ್ತಿದ್ರು."

"ಹಾಗಾದ್ರೆ ಆರಿಸಿದ್ರು."

"ಆರಿಸಿದ್ರಮ್ಮ."

ಅವಳು ಕೈ ಚಾಚಿದಳು. ಪೊಟ್ಟಣ ಬಿಚ್ಚಿದಾಗ ಡಬ್ಬಿಯ ಮೂಲೆಯಿಂದ ಗೂಬೆಯೊಂದು ದುಂಡಗೆ ಕಣ್ಣು ಬಿಟ್ಟಿತು.

"ಗೂಬೆಯಾ?" ಗ್ರೀಸಣ್ಣ ಹತ್ತಿರ ಬಂದ. "ಜನ್ಮವೆಲ್ಲ ಲಂಗರು ಲಂಗರು ಅಂತ ನನ್ನ ತಲೆ ತಿಂದು, ಕೊನೇ ಗಳಿಗೇಲಿ ಪಾರ್ಟಿ ಬದಲಾಯಿಸಿಬಿಟ್ರಲ್ಲ ಮೇಸ್ತ್ರಿ."

"ನೀನು ತಪ್ಪು ತಂದಿರಬೇಕು" ಎಂದಳು ನಾದಿನಿ. "ಅಣ್ಣ ಗೂಬೇನ ಮುಟ್ಟೋರಲ್ಲ."

"ಇಲ್ಲಮ್ಮ, ನಾನೂ ಅದನ್ನೇ ಕೇಳ್ದೆ. ತಗಡು ತೆಳು, ನಿಮಗೆ ಹಿಡಿಸಲ್ಲ ಅಂದೆ. ಅದಿರಲಿ, ಡಬ್ಬಿ ಒಡೆದು ಹಾಳೆ ನೋಡು ಅಂದ್ರು. ಮೊದಲ ಪುಟದಿಂದ ಕೊನೇ ಪುಟದವರೆಗೆ ಒಂದಾದ್ರೂ ಅಕ್ಷರ ಇದ್ಯಾ ನೋಡು ಅಂದ್ರು. ನಾನು ಫೋನು ಕಿವೀಲಿ ಇಟ್ಕೊಂಡೇ ಪುಟ ತಿರುವಿದೆ. ಬರೀ ಚಿತ್ರ, ಪಕ್ಕದಲ್ಲಿ ಒಂದು ಎರಡು ಅಂತ ಅಂಕಿ, ಅಷ್ಟೆ. ಹಾಗಾದ್ರೆ ಅದೇ ಇರಲಿ ಅಂದ್ರು."

ಮುದುಕಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗಂಡನ ಪಕ್ಕಕ್ಕೆ ಹೋಗಿ ಬಗ್ಗಿದಳು. ಬೆಳಿಗ್ಗೆಯಿಂದ ಅಳದಿದ್ದವಳು ಈಗ ಅತ್ತಳು. ಅಳುತ್ತಲೇ ಅವನ ಕಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹಿಂಡಿದಳು.

"ಕಳ್ಳ" ಎಂದಳು. "ಬಾಯಿಬಿಟ್ಟು ಹೇಳಿದ್ರೆ ಗಂಟು ಹೋಗ್ತಿತ್ತಾ?"

ನಾಲ್ವರು ಎತ್ತಿದರು. ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ಹಿಂದೆ ಸರಿದು, ಓರೆ ಮಾಡಿ, ಮತ್ತೆ ಮುಂದೆ ಹೋದರು. "ಸ್ವಲ್ಪ ಮೇಲೆ... ನಿಲ್ಲು... ಈಗ ಇಳಿಸು" ಎಂದು ಗ್ರೀಸಣ್ಣ ಕೂಗುತ್ತಿದ್ದದ್ದು, ಇಬ್ಬರೂ ಸೇರಿ ಲಿಫ್ಟು ಕೂರಿಸುತ್ತಿದ್ದ ದಿನಗಳ ಅದೇ ದನಿ.

*

ಮಗಳು ಸಂಸ್ಕಾರ ಮುಗಿಸಿ ಮೆಟ್ಟಿಲು ಹತ್ತಿ ಬಂದಾಗ ಬಿಸಿಲು ಇನ್ನೂ ಮೇಜಿನ ಮೇಲಿತ್ತು. ನಾದಿನಿ ಸೋಫಾದ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಳು. ಮುದುಕಿ ಡಬ್ಬಿ ಬಿಚ್ಚಿ ಹಾಳೆ ಹರಡಿಕೊಂಡಿದ್ದಳು. ಪಕ್ಕದಲ್ಲಿ ಇಕ್ಕಳ, ಚಿಮಟ. ಎದುರಿನ ಖಾಲಿ ಕುರ್ಚಿಯ ಮುಂದೆ ಮೇಸ್ತ್ರಿಯ ಕನ್ನಡಕ ಮಡಚಿ ಇಟ್ಟಿತ್ತು.

"ಅಮ್ಮ, ಇವತ್ತೇ ಬೇಕಾ ಇದು?"

"ಚಿತ್ರದಲ್ಲಿ ಇನ್ನೂರ ಹದಿನಾಲ್ಕು ಕಿವಿ ಇದೆ ಕಣೇ, ಎಣಿಸಿದೆ. ಇವತ್ತು ಒಂದೇ. ಒಂದು ಹಿಂಡಿ ಎದ್ದುಬಿಡ್ತೀನಿ."

ಮಗಳು ಚಪ್ಪಲಿ ಬಿಟ್ಟು ಬಾಗಿಲಿಗೆ ಒರಗಿ ನಿಂತಳು. ಮುದುಕಿ ಒಂದನೆಯ ಚಿತ್ರದ ಕೆಳಗೆ ಬೆರಳಿಟ್ಟಳು. ಬೆರಳನ್ನು ನಿಧಾನಕ್ಕೆ ಎರಡನೆಯದಕ್ಕೆ ಸರಿಸಿದಳು, ಅಲ್ಲಿಂದ ಮೂರನೆಯದಕ್ಕೆ. ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಪುಟದ ಕೊನೆಗೆ ಬಂದಾಗ ಅವಳು ನಾಲಿಗೆಗೆ ಬೆರಳು ತಾಗಿಸಿ, ಹಾಳೆಯನ್ನು ತಿರುವಿದಳು.